ಗೌರೀಶನಿಗೆ ಬಾರದ ವಿದ್ಯೆ

ನಮ್ಮತ್ತೆ ಲಕ್ಷ್ಮೀದೇವಮ್ಮನ ಬಾಯಲ್ಲಿ ನಾನು ಯಾವತ್ತೂ ನರ್ಸ್ ಆಗಿರಲಿಲ್ಲ. ಮದುವೆಯ ಹೊಸದರಲ್ಲಿ ನೆಂಟರು, ಕೆಳಗಿನ ಬಾಡಿಗೆಯವರು, ಮಾವನ ಪಾರ್ಟಿ ಜನ, ಯಾರು ಕೇಳಿದರೂ "ನಮ್ಮ ಸೊಸೆ ಯಶಶ್ರೀ ಆಸ್ಪತ್ರೇಲಿ ಮ್ಯಾನೇಜ್‌ಮೆಂಟ್ ನೋಡ್ಕೊತಿದ್ಲು" ಅನ್ನುತ್ತಿದ್ದರು. ನಾನು ನೋಡಿಕೊಂಡ ಮ್ಯಾನೇಜ್‌ಮೆಂಟ್ ಅಂದರೆ ಮಕ್ಕಳ ಐಸಿಯು. ಅಂಗೈಯಗಲದ ಕೂಸುಗಳಿಗೆ ಹನಿ ಲೆಕ್ಕದಲ್ಲಿ ಔಷಧಿ ಕೊಡುವ ಕೆಲಸ. ಅದನ್ನು ಹೇಳಲು ಹೋದರೆ ಅತ್ತೆ ಮುಖ ಕಿವುಚಿಕೊಂಡು, "ಕಂಡೋರ ಉಚ್ಚೆ ಬಟ್ಟೆ ಎತ್ತೋದನ್ನ ಊರಿಗೆಲ್ಲ ಹೇಳ್ಕೊಂಡು ತಿರುಗ್ಬೇಕಾ" ಎಂದು ಬಾಯಿ ಮುಚ್ಚಿಸುತ್ತಿದ್ದರು. ಮದುವೆಯಾದ ವರ್ಷವೇ ಕೆಲಸ ಬಿಡಿಸಿದರು. ಬಿಡಿಸಿದರು ಅಂದರೆ ಯಾರೂ ಕೈ ಹಿಡಿದು ಎಳೆಯಲಿಲ್ಲ. ನೈಟ್ ಡ್ಯೂಟಿ ಮುಗಿಸಿ ಮನೆಗೆ ಬಂದಾಗಲೆಲ್ಲ ಯಾರೂ ಮಾತಾಡಲಿಲ್ಲ, ಅಷ್ಟೇ.

ಮಾವನಿಗೆ ಕಾಲಿನ ಹುಣ್ಣು ಮೂಳೆಗಿಳಿದ ಮೇಲೆ ಮಾತ್ರ ನಾನು ಇದ್ದಕ್ಕಿದ್ದಂತೆ ನರ್ಸ್ ಆದೆ.

ಮಾವ ನಾರಾಯಣಪ್ಪನವರಿಗೆ ಸಕ್ಕರೆ ಕಾಯಿಲೆ ಹಳೆಯದು. ಮಾಗಡಿ ಕಡೆಯ ಹೊಲದಿಂದ ಬಂದು, ಸೈಟು ಮಾರಿ, ಚಾಮರಾಜಪೇಟೆಯಲ್ಲಿ ಮೂರಂತಸ್ತಿನ ಮನೆ ಎಬ್ಬಿಸಿದ ಮನುಷ್ಯ. ಚಪ್ಪಲಿ ಕಚ್ಚಿದ ಗಾಯಕ್ಕೆಲ್ಲ ಡಾಕ್ಟರ ಹತ್ತಿರ ಹೋಗುವ ಪೈಕಿ ಅಲ್ಲ. ಹೋಗುವ ಹೊತ್ತಿಗೆ ಒಂದು ಬೆರಳು ತೆಗೆಯಬೇಕಾಯಿತು. ಉಳಿದ ಕಾಲು ಉಳಿಯಬೇಕಾದರೆ ಆರು ವಾರ, ಬೆಳಿಗ್ಗೆ ಒಂದು ಸಂಜೆ ಒಂದು, ನರಕ್ಕೆ ಇಂಜೆಕ್ಷನ್ ಹೋಗಬೇಕು ಅಂದರು ಡಾಕ್ಟರು. ಆಸ್ಪತ್ರೆಯಲ್ಲೇ ಇರಿ ಅಂದರೆ ಮಾವ ಒಪ್ಪಲಿಲ್ಲ. ಮನೆಗೆ ನರ್ಸ್ ಕರೆಸಿಕೊಳ್ಳಿ ಅಂದಾಗ ಅತ್ತೆ ನನ್ನ ಕಡೆ ಕೈ ತೋರಿಸಿ, "ನಮ್ಮನೇಲೇ ನರ್ಸ್ ಇದಾಳಲ್ಲ ಡಾಕ್ಟ್ರೇ" ಅಂದರು. ಅಷ್ಟು ವರ್ಷದಲ್ಲಿ ಆ ಪದ ಅವರ ಬಾಯಿಂದ ಬಂದದ್ದು ಅದೇ ಮೊದಲು. ನನಗೆ ನಗು ಬಂತು, ನಗಲಿಲ್ಲ.

ಆದರೆ ಅದೇ ಸಮಯಕ್ಕೆ ನನ್ನ ಕೈಯಲ್ಲಿ ಇನ್ನೊಂದು ವಿಷಯವಿತ್ತು. ನನಗೆ ಕೆಲಸ ಸಿಕ್ಕಿತ್ತು. ವಿ.ವಿ.ಪುರಂ ಕಡೆಯ ಮಕ್ಕಳ ಆಸ್ಪತ್ರೆಯೊಂದರಲ್ಲಿ, ಹೊಸದಾಗಿ ಸೇರುವ ನರ್ಸುಗಳಿಗೆ ಔಷಧಿಯ ಲೆಕ್ಕ ಮತ್ತು ಬೆರೆಸುವ ಕ್ರಮ ಹೇಳಿಕೊಡುವ ಕೆಲಸ. ನೈಟ್ ಇಲ್ಲ, ಬಟ್ಟೆ ಎತ್ತುವುದಿಲ್ಲ, ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ನನ್ನ ಹಳೆಯ ಸೀನಿಯರ್ ಶಿವರಂಜಿನಿ ಮೇಡಂ ಅಲ್ಲಿ ನರ್ಸಿಂಗ್ ಮುಖ್ಯಸ್ಥೆ, ಅವರೇ ಕರೆದಿದ್ದರು. ಗಂಡ ಗೌರೀಶನನ್ನು ಒಪ್ಪಿಸಲು ಒಂದು ವರ್ಷ ಹಿಡಿದಿತ್ತು. "ಟೀಚಿಂಗ್ ಅಂದ್ಮೇಲೆ ಪರ್ವಾಗಿಲ್ಲ" ಎಂದು ಕೊನೆಗೆ ಅವರೂ ಒಪ್ಪಿದ್ದರು. ಆ ಕೆಲಸ ನನಗೆ ಎಷ್ಟು ಬೇಕಿತ್ತು ಅಂದರೆ, ಆಸ್ಪತ್ರೆಯ ದಾರಿಯಲ್ಲಿ ಹಾದುಹೋಗುವಾಗ ಗೇಟಿನ ಕಡೆ ನೋಡಲು ಹೆದರಿಕೆಯಾಗುತ್ತಿತ್ತು, ದೃಷ್ಟಿಯಾದೀತು ಅಂತ.

ಏಜೆನ್ಸಿಯಿಂದ ಒಬ್ಬಳು ಹುಡುಗಿ ಬಂದಳು. ಅಚ್ಚುಕಟ್ಟಾದ ಕೈ. ಆದರೆ ಮಾವನ ಮಂಚದ ಮೇಲೆ ಕೂತಳು, ಅಡುಗೆಮನೆಯ ಲೋಟ ತಾನೇ ತೆಗೆದುಕೊಂಡಳು ಎಂದು ಅತ್ತೆ ಎರಡನೇ ದಿನಕ್ಕೆ ಅವಳನ್ನು ಕಳಿಸಿಬಿಟ್ಟರು. ಇನ್ನೊಬ್ಬರನ್ನು ಕರೆಯೋಣ ಅಂದರೆ "ಮನೇಲಿ ಇರೋಳು ಇರ್ಬೇಕಾದ್ರೆ" ಎಂಬ ಅದೇ ರಾಗ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಬಿಟ್ಟಿ ಸಿಕ್ಕಿದಾಗ ಹಿತ್ತಲ ಗಿಡವೇ ಮದ್ದು.

ಆಗ ನಾನೇ ಒಂದು ದಾರಿ ಹೇಳಿದೆ. ಮೂರ್ನಾಲ್ಕು ದಿನಕ್ಕೊಮ್ಮೆ ಕೈಯ ನರಕ್ಕೆ ಹೊಸ ಕ್ಯಾನುಲಾ, ಅಂದರೆ ಔಷಧಿ ಇಳಿಸುವ ಪುಟ್ಟ ಪ್ಲಾಸ್ಟಿಕ್ ನಳಿಕೆ, ಹಾಕುವ ಕೆಲಸ ನನ್ನದೇ ಇರಲಿ. ಸಂಜೆಯ ಡೋಸ್ ನಾನೇ ಕೊಡುತ್ತೇನೆ. ಬೆಳಿಗ್ಗೆಯ ಡೋಸಿಗೆ ಡಾಕ್ಟರು ಗೊತ್ತು ಮಾಡಿದ ಹೊತ್ತಿಗೆ ನನ್ನ ಪಾಠ ಶುರುವಾಗಿರುತ್ತದೆ; ಅದನ್ನು ಮಾತ್ರ ಗೌರೀಶ ಕೊಡಲಿ. ಅವರ ಸೈಟಿನ ವ್ಯವಹಾರ ಶುರುವಾಗುವುದು ಹತ್ತರ ಮೇಲೆ. ಕಲಿಯಲು ಎರಡು ವಾರ ಸಮಯವಿದೆ. ಬಿ.ಕಾಂ. ಮಾಡಿದವರು, ಮೊಬೈಲಿನಲ್ಲಿ ಚದರಡಿ ಲೆಕ್ಕವನ್ನು ಬೆರಳ ತುದಿಯಲ್ಲಿ ಹಾಕುವವರು. ಮಾವ ಮಂಚದಿಂದಲೇ, "ಕಲ್ತ್ಕೊಳೋ, ಏನ್ ಮಹಾ ಇದು" ಅಂದರು. ಮಾವ ನನ್ನ ಪರವಾಗಿ ಮಾತಾಡಿದರು ಎಂದು ನನಗೆ ಕಣ್ಣು ತುಂಬಿ ಬಂತು. ಆ ಮನೆಯಲ್ಲಿ ನನ್ನನ್ನು ಮನುಷ್ಯಳು ಅಂದುಕೊಂಡವರು ಅವರೊಬ್ಬರೇ ಎಂದು ನಾನು ಮದುವೆಯಾದಾಗಿನಿಂದ ನಂಬಿದ್ದೆ.

ಔಷಧಿ ಬರುವುದು ಪುಡಿಯಾಗಿ. ರಬ್ಬರ್ ಮುಚ್ಚಳದ ಪುಟ್ಟ ಗಾಜಿನ ಬಾಟ್ಲಿ, ತಳದಲ್ಲಿ ಬಿಳಿ ಪುಡಿ, ಐನೂರು ಮಿಲಿಗ್ರಾಂ. ಮಾವನ ಕಿಡ್ನಿ ಸೋತಿದ್ದರಿಂದ ಮಾಮೂಲಿ ಡೋಸಿನ ಅರ್ಧ ಬರೆದಿದ್ದರು; ಹೊತ್ತಿಗೆ ಒಂದು ಬಾಟ್ಲಿ. ಡೋಸ್ ದುಪ್ಪಟ್ಟಾದರೆ ಕಿಡ್ನಿ ಅದನ್ನು ಹೊರಹಾಕಲಾರದು, ಅದು ಮೈಯಲ್ಲೇ ಕೂತು ಫಿಟ್ಸ್ ಬರಬಹುದು. ಇದನ್ನು ಮೊದಲ ದಿನವೇ ಗೌರೀಶನಿಗೆ ಹೇಳಿದೆ. ಹೆದರಿಸಲು ಅಲ್ಲ. ನನ್ನ ಕೈಕೆಳಗೆ ಬಂದ ಯಾವ ಹುಡುಗಿಗೂ ನಾನು ಮೊದಲು ಹೇಳುವುದು ಅದನ್ನೇ, ಔಷಧಿಗೆ ಯಾಕೆ ಮರ್ಯಾದೆ ಕೊಡಬೇಕು ಅನ್ನುವುದನ್ನು.

ಆಮೇಲೆ ಕೈ ತೊಳೆಯುವುದು. ಬಾಟ್ಲಿಯ ಮೇಲೆ ಬರೆದದ್ದನ್ನು ಬಾಯಿ ಬಿಟ್ಟು ಓದುವುದು: ಹೆಸರು, ಎಷ್ಟು ಮಿಲಿಗ್ರಾಂ, ಯಾವ ತಾರೀಖಿನವರೆಗೆ. ರಬ್ಬರನ್ನು ಸ್ಪಿರಿಟ್ ಹತ್ತಿಯಲ್ಲಿ ಉಜ್ಜಿ ಒಣಗಲು ಬಿಡುವುದು. ಸಿರಿಂಜಿನಲ್ಲಿ ಹತ್ತು ಎಂ.ಎಲ್. ನೀರು ತೆಗೆದು ಗಾಜಿನ ಗೋಡೆಗುಂಟ ಬಿಡುವುದು, ಪುಡಿಯ ನೆತ್ತಿಗೆ ಹೊಡೆಯಬಾರದು. ಕುಲುಕಬಾರದು, ಎರಡು ಅಂಗೈ ನಡುವೆ ಉರುಳಿಸಬೇಕು. ಬೆಳಕಿಗೆ ಹಿಡಿದು ನೋಡಬೇಕು, ಒಂದು ಕಾಳು ಉಳಿದಿದ್ದರೂ ಕಾಯಬೇಕು. ಕೊನೆಗೆ ನರಕ್ಕೆ ಕೊಡುವಾಗ ನಿಧಾನ.

"ಇಷ್ಟೇನಾ" ಅಂದರು ಗೌರೀಶ.

"ಇನ್ನೊಂದಿದೆ. ಮೆಡಿಕಲ್ ಸ್ಟೋರಲ್ಲಿ ಇದು ಖಾಲಿ ಆಗಿ ದೊಡ್ಡ ಬಾಟ್ಲಿ ಕೊಟ್ರೆ? ಒಂದು ಗ್ರಾಂದು?"

"ಅರ್ಧ ಹಾಕೋದು."

"ಅರ್ಧ ಅಂದ್ರೆ ಹೇಗೆ? ಇಪ್ಪತ್ತು ಎಂ.ಎಲ್. ನೀರು ಹಾಕಿ ಹತ್ತು ತೆಗೆದ್ರೆ ಸರಿಯಾಗಿ ಅರ್ಧ ಆಗಲ್ಲ. ಲೋಟದ ನೀರಿಗೆ ಸಕ್ಕರೆ ಹಾಕಿದ್ರೆ ನೀರು ಮೇಲೆ ಬರಲ್ವಾ? ಪುಡಿ ಕರಗಿದ್ರೂ ಅದಕ್ಕೆ ಜಾಗ ಬೇಕು. ದೊಡ್ಡ ಬಾಟ್ಲೀಲಿ ಆ ಜಾಗ ಹೆಚ್ಚುಕಮ್ಮಿ ಒಂದು ಎಂ.ಎಲ್. ಅದಕ್ಕೇ ಹತ್ತೊಂಬತ್ತೇ ನೀರು ಹಾಕ್ಬೇಕು. ಆಗ ಒಟ್ಟು ಇಪ್ಪತ್ತು. ಹತ್ತು ತೆಗೆದ್ರೆ ಅದು ಅರ್ಧ. ಉಳಿದಿದ್ದನ್ನ ಇಟ್ಕೊಳಂಗಿಲ್ಲ, ಎಸೀಬೇಕು."

ಗೌರೀಶ ತಲೆ ಕೆರೆದುಕೊಂಡು, "ಇದೆಲ್ಲ ನನ್ನ ತಲೆಗೆ ಹತ್ತಲ್ಲ ಯಶು" ಅಂದರು. ನಾನು ನಕ್ಕು, ಹತ್ತುತ್ತೆ, ನಾಳೆ ಇನ್ನೊಂದು ಸಲ ಹೇಳ್ತೀನಿ ಅಂದೆ.

ಎರಡು ವಾರ ಹೇಳಿದೆ. ಏನು ಹೇಳಲಿ ಆ ಎರಡು ವಾರದ ಪಾಡು. ಒಂದು ದಿನ ಬಾಟ್ಲಿಯನ್ನು ಕೆಮ್ಮಿನ ಔಷಧಿಯಂತೆ ಕುಲುಕಿ ಬರೀ ನೊರೆ ಮಾಡಿದರು. ಮಾರನೆಯ ದಿನ ಸೂಜಿಯನ್ನು ಅಂಗಿಗೆ ತಾಗಿಸಿದರು. ಇನ್ನೊಂದು ದಿನ ಬಾಟ್ಲಿಯೇ ಕೈಜಾರಿ ಮೊಸಾಯಿಕ್ ನೆಲದ ಮೇಲೆ ಒಡೆಯಿತು. ರಬ್ಬರಿಗೆ ಸ್ಪಿರಿಟ್ ಹಚ್ಚಿ ಅದನ್ನೇ ಬಾಯಲ್ಲಿ ಊದಿ ಒಣಗಿಸಿದ ದಿನ ನಾನು ಕೂಗಾಡಿದೆ. ಪ್ರತಿ ಸಲವೂ ಬಾಟ್ಲಿ ದಂಡ, ಪ್ರತಿ ಸಲವೂ ನಾನೇ ಇನ್ನೊಂದು ತೆಗೆದು ಸರಿಯಾಗಿ ಬೆರೆಸಿ ಕೊಡುವುದು. ಗೌರೀಶ ಪೆಚ್ಚುಮೋರೆ ಹಾಕಿಕೊಂಡು ನಿಲ್ಲುತ್ತಿದ್ದರು. ಅತ್ತೆ ಬಾಗಿಲಲ್ಲಿ ನಿಂತು ನೋಡಿ, ಏನೂ ಅನ್ನದೆ ಒಳಗೆ ಹೋಗುತ್ತಿದ್ದರು. ಆ ಏನೂ ಅನ್ನದಿರುವುದನ್ನು ನಾನು ದೊಡ್ಡತನ ಅಂದುಕೊಂಡೆ, ನನ್ನ ಬುದ್ಧಿಗಿಷ್ಟು.

ನನಗೆ ನನ್ನ ಮೇಲೇ ಅನುಮಾನ ಶುರುವಾಯಿತು. ಹೇಳಿಕೊಡುವ ಕ್ರಮವನ್ನೇ ಬದಲಿಸಿದೆ. ಖಾಲಿ ಬಾಟ್ಲಿಗೆ ಸಕ್ಕರೆ ಪುಡಿ ತುಂಬಿ ಮಾಡಿಸಿದೆ. ಸಿರಿಂಜಿನ ಗೆರೆಯ ಮೇಲೆ ಕೆಂಪು ಪಟ್ಟಿ ಅಂಟಿಸಿದೆ. ಐಸಿಯುನಲ್ಲಿ ಬೆರಳು ನಡುಗುವ ಹುಡುಗಿಯರಿಗೆ ಒಂದೇ ವಾರದಲ್ಲಿ ಕಲಿಸಿದವಳು ನಾನು. ಗಂಡನಿಗೆ ಕಲಿಸಲು ಆಗುತ್ತಿಲ್ಲ. ಬಚ್ಚಲಲ್ಲಿ ಕೂತು ಒಂದು ದಿನ ಅತ್ತುಬಿಟ್ಟೆ. ಗೌರೀಶನ ಮೇಲಿನ ಸಿಟ್ಟಿಗೆ ಅತ್ತದ್ದಲ್ಲ. ನನ್ನ ವಿದ್ಯೆ ತುಕ್ಕು ಹಿಡಿಯಿತು ಎಂದು ಅತ್ತದ್ದು.

ಕೆಲಸಕ್ಕೆ ಸೇರುವ ಹಿಂದಿನ ದಿನ ಎಲ್ಲರ ಎದುರಿಗೇ ಒಂದು ಸಲ ಮಾಡಿ ತೋರಿಸಿ ಅಂದೆ. ಅತ್ತೆ ಕುರ್ಚಿ ಹಾಕಿಕೊಂಡು ಕೂತರು. ಮಾವ ದಿಂಬಿಗೆ ಒರಗಿದ್ದರು. ಗೌರೀಶ ಅವತ್ತು ಬಾಟ್ಲಿ ಒಡೆಯಲಿಲ್ಲ, ನೊರೆಯನ್ನೂ ಬರಿಸಲಿಲ್ಲ. ನೀರು ತೆಗೆಯುವಾಗ ನಿಂತು ನನ್ನ ಮುಖ ನೋಡಿ, "ಎಷ್ಟು, ಐದಾ?" ಅಂದರು. ಹತ್ತು ಅಂದೆ. ಕರಗಿಸಿದರು. ಸರಿ, ಈಗ ದೊಡ್ಡ ಬಾಟ್ಲಿ ಬಂದರೆ ಏನು ಮಾಡ್ತೀರಿ ಹೇಳಿ ಅಂತ ಕೇಳಿದೆ. ಗೌರೀಶ ಅಮ್ಮನ ಕಡೆ ನೋಡಿದರು, ಅಪ್ಪನ ಕಡೆ ನೋಡಿದರು.

"ದೊಡ್ಡದು ಅಂದ್ರೆ... ಪೂರ್ತಿ ಹಾಕೋದು. ಸಂಜೆ ಬಿಟ್ಬಿಡೋದು. ಅಲ್ವಾ?"

ಅತ್ತೆ ಸೆರಗು ಬಾಯಿಗೆ ಹಿಡಿದರು. "ಅಯ್ಯೋ ಬೇಡ ಕಣಮ್ಮ. ನನ್ನ ಗಂಡನ ಪ್ರಾಣ ಇವ್ನ ಕೈಲಿ ಕೊಡ್ಬೇಡ. ನೀನು ಕೆಲ್ಸಕ್ಕೆ ಹೋಗ್ಬೇಕು ಅಂದ್ರೆ ಹೋಗು, ನಾನ್ಯಾಕೆ ಬೇಡ ಅನ್ಲಿ. ಆದ್ರೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಿನ್ನ ಮನಸ್ಸೇ ನಿನ್ನ ಸುಮ್ನೆ ಬಿಡಲ್ಲ, ಯೋಚ್ನೆ ಮಾಡು."

ಹೋಗಬೇಡ ಅಂದಿದ್ದರೆ ಜಗಳವಾಡಿಯಾದರೂ ಹೋಗುತ್ತಿದ್ದೆ. ಹೋಗು ಅಂದು ಕಟ್ಟಿಹಾಕಿದರು. ನಾನು ಮಾವನ ಮುಖ ನೋಡಿದೆ. ಅವರು ಕಣ್ಣು ಮುಚ್ಚಿಕೊಂಡಿದ್ದರು. ನೋವು ಇರಬೇಕು ಅಂದುಕೊಂಡೆ.

ಶಿವರಂಜಿನಿ ಮೇಡಂಗೆ ಫೋನ್ ಮಾಡಿ ಒಂದು ತಿಂಗಳು ತಡವಾಗಿ ಸೇರಬಹುದಾ ಎಂದು ಕೇಳಿದೆ. ಮೊದಲ ತಂಡ ನಾಳೆಯೇ ಬರುತ್ತಿದೆ, ಕಾಯಲು ಆಗುವುದಿಲ್ಲ ಅಂದರು. ಮನೆಯಲ್ಲಿ ಬೇರೆ ಯಾರಿಗೂ ಬರುವುದಿಲ್ಲವಾ, ನೀನು ಹೇಳಿಕೊಟ್ಟರೆ ಕಲ್ಲೂ ಕಲಿಯುತ್ತಲ್ಲೇ ಅಂತಲೂ ಅಂದರು. "ಇಲ್ಲ ಮೇಡಂ, ಹೇಳ್ಕೊಟ್ಟೆ, ನನ್ನ ಕೈಲಿ ಆಗ್ಲಿಲ್ಲ" ಅಂದೆ. ನನ್ನ ಜಾಗಕ್ಕೆ ರಕ್ಷಿತಾ ಅನ್ನುವ ಹುಡುಗಿಯನ್ನು ತೆಗೆದುಕೊಂಡರು. ಅವಳು ನನ್ನ ಕೈಕೆಳಗೇ ಕಲಿತವಳು.

ಅದಾದ ಮೇಲೆ ದಿನಗಳು ಒಂದೇ ಸಮ ನಡೆದವು. ಬೆಳಿಗ್ಗೆ ಪುಡಿ, ಸಂಜೆ ಪುಡಿ. ನಡುವೆ ಅಡುಗೆ, ಕಾಲಿನ ಡ್ರೆಸ್ಸಿಂಗ್, ಬಂದ ಪಾರ್ಟಿ ಜನಕ್ಕೆ ಕಾಫಿ. ಮಾವನ ಹುಣ್ಣು ಮಾಗಿ ಬಂತು. ಡಾಕ್ಟರು "ಚೆನ್ನಾಗಿ ನೋಡ್ಕೊಂಡಿದೀರಿ" ಅಂದಾಗ ಅತ್ತೆ "ಎಲ್ಲ ಮಾರಮ್ಮನ ದಯೆ" ಅಂದರು. ಇರಲಿ, ದೇವರಿಗೆ ಸಲ್ಲಬೇಕಾದ್ದು ದೇವರಿಗೇ ಸಲ್ಲಲಿ ಅಂದುಕೊಂಡೆ.

ಐದನೇ ವಾರದಲ್ಲಿ ನನ್ನ ಅಮ್ಮನಿಗೆ ಕಣ್ಣಿನ ಪೊರೆ ಆಪರೇಷನ್ ಆಯಿತು. ಅಮ್ಮನ ಮನೆ ಓಕಳಿಪುರಂನಲ್ಲಿ, ರೈಲ್ವೆ ಲೈನಿನ ಪಕ್ಕದ ಗಲ್ಲಿ. ಬೆಳಗಿನ ಡೋಸ್ ಕೊಟ್ಟು ಹೊರಟೆ, ಸಂಜೆಯದಕ್ಕೆ ಬಂದುಬಿಡುತ್ತೇನೆ ಅಂದೆ. "ಔಷಧಿ ಮುಗಿದಿದೆ, ಶೀನಣ್ಣನ ಅಂಗಡಿಯಿಂದ ತಂದಿಟ್ಟಿರಿ. ನಾನು ಬರೋದು ಸ್ವಲ್ಪ ಲೇಟ್ ಆದ್ರೂ ಪರ್ವಾಗಿಲ್ಲ, ಕಾಯಿರಿ, ಏನೂ ಆಗಲ್ಲ" ಎಂದು ಗೌರೀಶನಿಗೆ ಎರಡು ಸಲ ಹೇಳಿದೆ.

ಸಂಜೆ ಅಮ್ಮನಿಗೆ ಕಣ್ಣಿನ ಹನಿ ಹಾಕಿ ಚಪ್ಪಲಿ ಮೆಟ್ಟುತ್ತಿದ್ದಾಗ ಮೆಡಿಕಲ್ ಸ್ಟೋರಿನ ಶೀನಣ್ಣನ ಫೋನ್ ಬಂತು.

"ಅಮ್ಮ, ಐನೂರರದು ಸ್ಟಾಕ್ ಇರ್ಲಿಲ್ಲ, ಒಂದು ಗ್ರಾಂದು ಕೊಟ್ಟಿದೀನಿ. ಗೌರೀಶಣ್ಣಂಗೆ ಹೇಳಿದೀನಿ. ನಿಮಗೂ ಒಂದ್ ಮಾತು ಕಿವೀಗೆ ಹಾಕಣ ಅಂತ."

ಗೌರೀಶನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಅತ್ತೆಗೆ ಮಾಡಿದೆ. ಅವರು ಎತ್ತಿದರು.

"ಅತ್ತೆ, ನಾನು ಬರೋವರೆಗೂ ಇಂಜೆಕ್ಷನ್ ಮುಟ್ಬೇಡಿ ಅಂತ ಹೇಳಿ ಅವ್ರಿಗೆ."

"ಆಗ್ಲೇ ಹಾಕ್ಬಿಟ್ನಲ್ಲಮ್ಮ. ಟೈಮ್ ಆಗೋಯ್ತು ಅಂತ ನಾನೇ ಹಾಕ್ಸಿದೆ."

"ಎಷ್ಟು ಹಾಕಿದ್ರು? ಪೂರ್ತಿನಾ?"

"ಅದೆಲ್ಲ ನಂಗೇನ್ ಗೊತ್ತಾಗುತ್ತೆ. ಹಾಕ್ದ."

ಆಟೋದಲ್ಲಿ ಕೂತವಳಿಗೆ ದಾರಿ ಕಾಣಲಿಲ್ಲ. ಮೆಜೆಸ್ಟಿಕ್ ಹತ್ತಿರ ಬಸ್ಸುಗಳು ಅಡ್ಡಡ್ಡ ನಿಂತಿದ್ದವು. "ದೊಡ್ಡದು ಅಂದ್ರೆ ಪೂರ್ತಿ ಹಾಕೋದು" ಎಂದು ಗೌರೀಶ ಹೇಳಿದ ದನಿಯೇ ಕಿವಿಯಲ್ಲಿ. ಮಾವ ಮಂಚದ ಮೇಲೆ ಬಿಲ್ಲಿನಂತೆ ಸೆಟೆದು, ಬಾಯಲ್ಲಿ ನೊರೆ, ಅತ್ತೆ ಬೀಗದ ಕೈ ಹಿಡಿಸಲು ಹುಡುಕಾಡುವುದು, ಎಲ್ಲ ಕಣ್ಣೆದುರು ಬಂತು. ಸಿರ್ಸಿ ಸರ್ಕಲ್ ಬಳಿ ಆಟೋ ನಿಂತೇ ಹೋದಾಗ ಇಳಿದು ಓಡಿದೆ. ಕಾಲೇಜು ಬಿಟ್ಟ ಮೇಲೆ ನಾನು ಓಡಿದ್ದು ಅದೇ.

ಮಾವ ಟಿವಿ ನೋಡುತ್ತಾ ಚಕ್ಕುಲಿ ತಿನ್ನುತ್ತಿದ್ದರು.

ನಾಡಿ ಹಿಡಿದೆ. ಕಣ್ಣು ನೋಡಿದೆ. ತಲೆ ಸುತ್ತುತ್ತಾ, ಕೈಕಾಲು ಅದುರುತ್ತಾ ಎಂದು ಕೇಳಿದೆ. "ಏನೂ ಇಲ್ಲಮ್ಮ, ಯಾಕೆ ಹಿಂಗೆ ಬೆವರಿದೀಯ" ಅಂದರು. ಗೌರೀಶ ಮನೆಯಲ್ಲಿರಲಿಲ್ಲ, ಯಾರನ್ನೋ ಕಾಣಲು ಫೋನನ್ನು ಚಾರ್ಜಿಗೆ ಹಾಕಿ ಹೋಗಿದ್ದರು. ನಾನು ಸೀದಾ ಮೂಲೆಯ ಡಬ್ಬಕ್ಕೆ ಕೈ ಹಾಕಿದೆ. ಬಳಸಿದ ಬಾಟ್ಲಿ, ಸೂಜಿ ಹಾಕಲು ನಾನೇ ಇಟ್ಟಿದ್ದ ಹಳೆಯ ಪೇಂಟ್ ಡಬ್ಬ. ಮೇಲೆಯೇ ದೊಡ್ಡ ಬಾಟ್ಲಿ ಇತ್ತು. ಬೆಳಕಿಗೆ ಹಿಡಿದೆ. ಒಳಗೆ ಔಷಧಿ ಉಳಿದಿತ್ತು. ದೇವರೇ, ಪೂರ್ತಿ ಹಾಕಿಲ್ಲ. ಅಲ್ಲೇ ನೆಲದ ಮೇಲೆ ಕೂತೆ.

ಆದರೆ ಎಷ್ಟು ಹೋಗಿದೆ ಅನ್ನುವುದು ತಿಳಿಯಬೇಕಲ್ಲ. ಹೊಸ ಸಿರಿಂಜ್ ಬಿಚ್ಚಿ ಉಳಿದದ್ದನ್ನು ಎಳೆದೆ. ಹತ್ತರ ಗೆರೆಗೆ ಬಂತು, ನಿಂತಿತು. ಬಾಟ್ಲಿ ಬರಿದಾಗಿತ್ತು.

ಹತ್ತು. ಇಪ್ಪತ್ತು ಎಂ.ಎಲ್. ನೀರು ಹಾಕಿ ಹತ್ತು ತೆಗೆದಿದ್ದರೆ ಹನ್ನೊಂದರ ಹತ್ತಿರ ಉಳಿಯಬೇಕಿತ್ತು. ಹತ್ತೊಂಬತ್ತು ಹಾಕಿದವನಿಗೆ ಮಾತ್ರ ಹತ್ತು ಉಳಿಯುತ್ತದೆ. ನೀರಿನಲ್ಲಿ ಒಂದು ಕಾಳು ಪುಡಿಯಿಲ್ಲ. ಒಂದು ಗುಳ್ಳೆ ನೊರೆಯಿಲ್ಲ. ರಬ್ಬರಿನ ನಡುಮಧ್ಯೆ ಒಂದೇ ತೂತು. ಪಕ್ಕದಲ್ಲಿ ಸ್ಪಿರಿಟ್ ಹತ್ತಿ, ಕ್ಯಾನುಲಾ ತೊಳೆದ ಸಲೈನ್ ಸಿರಿಂಜ್. ನನ್ನ ಅತ್ಯುತ್ತಮ ಹುಡುಗಿಯ ಕೈಕೆಲಸದಂತಿತ್ತು. ರಕ್ಷಿತಾ ಕೂಡ ಮೊದಮೊದಲು ಇಷ್ಟು ಚೊಕ್ಕಟವಾಗಿ ಮಾಡುತ್ತಿರಲಿಲ್ಲ.

ಆ ಸಿರಿಂಜ್ ಹಿಡಿದುಕೊಂಡೇ ನಾನು ಎರಡು ವಾರದ ಪಾಠವನ್ನು ಮತ್ತೆ ನೆನೆದೆ. ಕೆಲಸ ಬರದವರು ಎರಡು ಬಗೆಯ ತಪ್ಪು ಮಾಡುತ್ತಾರೆ. ಕಣ್ಣಿಗೆ ಕಾಣುವ ತಪ್ಪು, ನೊರೆ ಬರಿಸುವುದು, ಬೀಳಿಸುವುದು. ಕಾಣದ ತಪ್ಪು, ನೀರು ಹೆಚ್ಚೋ ಕಡಿಮೆಯೋ ಹಾಕಿ ಏನೂ ಆಗದವರಂತೆ ಕೊಟ್ಟುಬಿಡುವುದು. ಭಯಪಡಬೇಕಾದ್ದು ಎರಡನೆಯದಕ್ಕೆ, ಕಲಿಯುವ ಯಾರೇ ಆಗಲಿ ಅದನ್ನು ಮಾಡದೆ ಬಿಡುವುದಿಲ್ಲ. ಗೌರೀಶ ಆ ಎರಡು ವಾರದಲ್ಲಿ ಅಂಥದ್ದು ಒಂದನ್ನೂ ಮಾಡಿರಲಿಲ್ಲ. ಮಾಡಿದ್ದೆಲ್ಲ ನನ್ನ ಕಣ್ಣೆದುರಿಗೆ, ನಾನು ಹಿಡಿಯುವ ಹಾಗೆ, ಅಪ್ಪನ ಮೈಗೆ ಹೋಗುವುದಕ್ಕೆ ಮುಂಚೆ. ನೀರು ಎಷ್ಟು ಅಂತ ಮರೆತರೆ ಬಾಯಿಬಿಟ್ಟು ಕೇಳುತ್ತಿದ್ದರು. ಚೆನ್ನಾಗಿ ಬರುವವನು ಮಾತ್ರ ಅಷ್ಟು ಎಚ್ಚರಿಕೆಯಿಂದ ತಪ್ಪು ಮಾಡಬಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಗೌರೀಶ ಬಂದಾಗ ನಾನು ಇನ್ನೂ ನೆಲದ ಮೇಲೆಯೇ ಕೂತಿದ್ದೆ. ಸಿರಿಂಜ್ ನೋಡಿದರು. ಅರ್ಥವಾಯಿತು. ಬುದ್ಧಿವಂತರೇ.

"ಯಾವತ್ತು ಕಲಿತ್ರಿ?"

ನನ್ನೆದುರು ಕುಕ್ಕರುಗಾಲಲ್ಲಿ ಕೂತರು. "ಮೊದಲನೇ ದಿನಾನೇ ಬಂತು. ನೀನು ಅಷ್ಟು ಚೆನ್ನಾಗಿ ಹೇಳ್ಕೊಟ್ಟೆ."

ನನಗೆ ಕಪಾಳಕ್ಕೆ ಹೊಡೆದಂತಾಯಿತು. ಯಾವ ಮಾತಿಗಾಗಿ ಆ ಎರಡು ವಾರ ಬಾಯಿ ಬಿಟ್ಟುಕೊಂಡು ಕಾದಿದ್ದೆನೋ ಆ ಮಾತು ಈಗ ಬಂತು.

"ಮತ್ತೆ ಯಾಕೆ?"

"ಅಮ್ಮ ಹೇಳಿದ್ಲು. ಜಗಳ ಗಿಗಳ ಬೇಡ, ಹೆಂಗೋ ಈ ಸಲ ತಪ್ಸು, ಆಮೇಲೆ ಅವಳೇ ಮರೀತಾಳೆ ಅಂತ. ನಂಗೂ... ನೀನು ದಿನಾ ಹೋಗೋದು ಬರೋದು, ಅಪ್ಪ ಹಿಂಗೆ ಮಲಗಿರೋವಾಗ. ಬೇಡ ಅಂದ್ರೆ ನೀನು ಬೇಜಾರ್ ಮಾಡ್ಕೊತೀಯ ಅಂತ..."

"ಬೇಜಾರ್ ಮಾಡ್ಕೊತೀನಿ ಅಂತ."

"ಯಾರಿಗೇನ್ ತೊಂದ್ರೆ ಆಯ್ತು ಹೇಳು ಯಶು? ಅಪ್ಪನ ಮೈಗೆ ಒಂದೇ ಒಂದು ತಪ್ಪು ಡೋಸ್ ಹೋಗಿಲ್ಲ. ಅಷ್ಟು ಹುಷಾರಾಗೇ ಇದ್ದೆ ನಾನು."

ಅದನ್ನು ಅವರು ಹೆಮ್ಮೆಯಿಂದ ಹೇಳಿದರು. ಮದುವೆಯಾದವನ ಮುಖವನ್ನು ಅಷ್ಟು ಹತ್ತಿರದಿಂದ ಅಷ್ಟು ಅಪರಿಚಿತವಾಗಿ ನಾನು ನೋಡಿರಲಿಲ್ಲ. ನಿದ್ದೆ ಮಾಡುವವರನ್ನು ಎಬ್ಬಿಸಬಹುದು, ನಿದ್ದೆಯ ಸೋಗು ಹಾಕಿದವರನ್ನು ಎಬ್ಬಿಸಲಾಗದು ಅನ್ನುತ್ತಾರೆ. ನಾನು ಎರಡು ವಾರ ಸೋಗಿನ ತಲೆದಿಂಬಿನ ಪಕ್ಕ ಕೂತು ಸುಪ್ರಭಾತ ಹಾಡಿದ್ದೆ.

ಒಳಗೆ ಅತ್ತೆ ಮಲ್ಲೇಶ್ವರದ ತಂಗಿಯೊಂದಿಗೆ ಫೋನಿನಲ್ಲಿ ಮಾತಾಡುತ್ತಿದ್ದರು. "ಸೊಸೆ ಅವ್ರಮ್ಮನ ಮನೇಗೆ ಹೋಗಿದ್ಲು. ನನ್ ಮಗನೇ ಎಲ್ಲಾ ಮಾಡ್ದ ಕಣೇ. ಪುಡಿ ಕಲೆಸಿ, ನರಕ್ಕೆ ಕೊಟ್ಟು. ಡಾಕ್ಟ್ರಿಗಿಂತ ಚೆನ್ನಾಗಿ. ಇಂಥ ಮಗ ಯಾರಿಗ್ ಸಿಗ್ತಾನೆ ಹೇಳು." ಒಂದೇ ಒಂದು ಸಂಜೆ. ಅಷ್ಟು ವಾರ ನಾನು ಕೊಟ್ಟದ್ದು ಯಾವ ಫೋನಿನಲ್ಲೂ ಹೋಗಿರಲಿಲ್ಲ.

ಅವತ್ತು ನಾನು ಊಟ ಮಾಡಲಿಲ್ಲ. ಯಾರೂ ಬಲವಂತ ಮಾಡಲಿಲ್ಲ.

ಮಾರನೆಯ ಬೆಳಿಗ್ಗೆ ಡೋಸಿನ ಹೊತ್ತಿಗೆ ನಾನು ನಡುಮನೆಯಲ್ಲಿ ಕಾಫಿ ಹಿಡಿದು ಕೂತೆ. ಅತ್ತೆ ಬಂದು ನಿಂತರು. "ಏನಮ್ಮ, ಟೈಮ್ ಆಯ್ತಲ್ಲ."

"ಅವ್ರು ಹಾಕ್ತಾರೆ" ಅಂದೆ.

ಗೌರೀಶ ನನ್ನನ್ನು ನೋಡಿದರು, ಅಮ್ಮನನ್ನು ನೋಡಿದರು. ಮಾವನ ಕೋಣೆಗೆ ಹೋಗಿ ದೊಡ್ಡ ಬಾಟ್ಲಿ ಕೈಗೆ ತೆಗೆದುಕೊಂಡರು. ಕೋಣೆಯ ಬಾಗಿಲು ನಾನು ಕೂತಲ್ಲಿಗೆ ನೇರ. ಬಾಟ್ಲಿಯನ್ನು ಅತ್ತಿತ್ತ ತಿರುಗಿಸಿ, ಅದೇ ಹಳೆಯ ಪೆಚ್ಚುಮೋರೆ ಹಾಕಿಕೊಂಡು, ಅಲ್ಲಿಂದಲೇ ಕೇಳಿದರು: "ಯಶು, ಇದಕ್ಕೆ ನೀರು ಎಷ್ಟು ಅಂದೆ?"

ನಾನು ಕಾಫಿ ಗುಟುಕರಿಸಿದೆ. ಅತ್ತೆ ಸೆರಗು ಬಾಯಿಗೆ ಒಯ್ಯುವುದರಲ್ಲಿದ್ದರು.

ಮಂಚದ ಮೇಲಿಂದ ಮಾವ ಅಂದರು, "ಸಾಕು ಬಿಡೋ ಗೌರೀಶ. ಇನ್ನೆಷ್ಟು ದಿನ ಆಡ್ತೀಯ ಅದನ್ನ. ಬರುತ್ತಲ್ಲ, ಹಾಕು."

ಕಾಫಿ ಲೋಟ ಕೆಳಗಿಟ್ಟು ಎದ್ದೆ. ಕೋಣೆಯ ಹೊಸಿಲಿನಲ್ಲಿ ನಿಂತೆ.

"ನಿಮಗೂ ಗೊತ್ತಿತ್ತಾ ಮಾವ?"

ಮಾವ ನನ್ನ ಮುಖ ನೋಡಲಿಲ್ಲ. ಕೈಯ ಮೇಲಿನ ಕ್ಯಾನುಲಾದ ಪ್ಲಾಸ್ಟರನ್ನು ಉಗುರಿನಿಂದ ಸವರುತ್ತಾ ಕೂತರು. ಅದನ್ನು ಹಿಂದಿನ ದಿನ ಹಾಕಿದ್ದವಳು ನಾನು. ಒಂದೇ ಸಲಕ್ಕೆ ನರ ಸಿಕ್ಕಿತ್ತು.

"ಹೆತ್ತ ಮಗ ಅಲ್ವೇನಮ್ಮ, ಗೊತ್ತಾಗದೆ ಇರುತ್ತಾ. ನೀನು ಅವತ್ತು ನನ್ ಮುಖ ನೋಡ್ದೆ, ನಂಗೆ ಕಣ್ ಬಿಡೋಕೆ ಆಗ್ಲಿಲ್ಲ." ಆಮೇಲೆ ಅಂದರು, "ಆಸ್ಪತ್ರೇಲಿ ಆ ಹುಡ್ಗೀರು ಹಾಕಿದ್ರೆ ಕೈಯೆಲ್ಲ ಉರೀತಿತ್ತು. ನಿನ್ನೆ ಇವ್ನು ಹಾಕ್ದಾಗ್ಲೂ ಉರೀತು. ನೀನು ಹಾಕಿದ್ರೆ ಗೊತ್ತೇ ಆಗಲ್ಲಮ್ಮ. ಅಷ್ಟಕ್ಕೇ ಸುಮ್ನಿದ್ದೆ."

ಅವರು ಸುಳ್ಳು ಹೇಳಲಿಲ್ಲ. ಆ ಮನೆಯಲ್ಲಿ ನನ್ನ ಕೆಲಸವನ್ನು ಹೊಗಳಿದವರು ಅವರೊಬ್ಬರೇ, ಹೊಗಳಿದ್ದೂ ಅದೊಂದೇ ಸಲ. ನಾನು ಚೆನ್ನಾಗಿ ಮಾಡುತ್ತಿದ್ದೆ, ಅದಕ್ಕೇ ನನ್ನನ್ನು ಹೋಗಲು ಬಿಡಲಿಲ್ಲ. ಮಕ್ಕಳ ಕೈ ಉರಿಯಬಾರದು ಎಂದು ವರ್ಷಗಟ್ಟಲೆ ಕಲಿತ ಕೈ ಅದು.

"ಉರಿಯೋದು ಬೇಗ ತಳ್ಳೋದ್ರಿಂದ ಮಾವ" ಅಂದೆ. "ಐದು ನಿಮಿಷ ಹಿಡೀಬೇಕು. ಗಡಿಯಾರ ನೋಡ್ಕೊಂಡು ತಳ್ಳೋಕೆ ಹೇಳಿ ಅವ್ರಿಗೆ. ಅದನ್ನೂ ಹೇಳ್ಕೊಟ್ಟಿದೀನಿ."

ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದೆ. ಹಿಂದಿನಿಂದ ಅತ್ತೆ "ಎಲ್ಲಿಗಮ್ಮ ಈಗ, ತಿಂಡಿ ಯಾರು ಮಾಡ್ತಾರೆ" ಅಂದರು. ಎಲ್ಲಿಗೆ ಅನ್ನುವುದು ನನಗೂ ಗೊತ್ತಿರಲಿಲ್ಲ. ಹೋಗಬೇಕಾಗಿದ್ದ ಜಾಗದಲ್ಲಿ ಆ ಹೊತ್ತಿಗೆ ರಕ್ಷಿತಾ ಪಾಠ ಶುರು ಮಾಡಿರುತ್ತಾಳೆ.